ಪ್ರೋಟೀನ್ ಚೀಲದ ಗೋಡೆ, ಐಆರ್ ಗೆರೆ, ಬಳ್ಳಾರಿಯ ಕೂಲರ್

ಔಷಧ ತುಂಬುವ ಪ್ರೋಟೀನ್ ಚೀಲದ ಗೋಡೆಯಲ್ಲಿ ಯಾವ ಬೆಸುಗೆ ಬಿದ್ದಿದೆ ಎಂದು ತಿಳಿಯಲು, ಅದನ್ನು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಉಪ್ಪಿನ ಪುಡಿಯಲ್ಲಿ ಬೆರೆಸಿ ಬಿಲ್ಲೆಯಾಗಿ ಒತ್ತಿ, ಇನ್‌ಫ್ರಾರೆಡ್ (ಐಆರ್) ಬೆಳಕು ಹಾಯಿಸಿ, ಯಾವ ಅಲೆ ಎಷ್ಟು ಹೀರಿಹೋಯಿತೆಂಬ ಗೆರೆ ತೆಗೆಯುತ್ತಾರೆ. ಈ ಪುಡಿಗೆ ತೇವ ಆಗದು. ಬಳ್ಳಾರಿಯ ಏಪ್ರಿಲ್ ಗಾಳಿ ಅದಕ್ಕೆ ಹೇಳಿ ಮಾಡಿಸಿದಂಥದ್ದು, ಅಷ್ಟು ಒಣ. ಆದರೆ ಸೆಕೆ ತಾಳದೆ ಲ್ಯಾಬಿನಲ್ಲಿ ನೀರಿನ ಕೂಲರ್ ಹಚ್ಚಿದರೆ ಆ ಅನುಕೂಲ ಅಲ್ಲಿಗೆ ಮುಗಿಯಿತು. ಗಾಜಿನಂತಿದ್ದ ಬಿಲ್ಲೆ ಮಬ್ಬಾಗುತ್ತದೆ, ಐಆರ್ ಗೆರೆಯಲ್ಲಿ 3400 ಮತ್ತು 1640ರ ಹತ್ತಿರ ನೀರಿನ ಉಬ್ಬು ಏಳುತ್ತದೆ. (ಈ ಅಂಕಿಗಳು ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬ ಲೆಕ್ಕ.) ಪ್ರೋಟೀನಿನ ಅಮೈನೋ ಆಮ್ಲಗಳನ್ನು ಕೋದ ಅಮೈಡ್ ಬೆಸುಗೆಯ ಮುಖ್ಯ ಗುರುತಾದ ಅಮೈಡ್-1 ಪಟ್ಟಿ (ಅಂದರೆ ಉಬ್ಬು) ಬರುವುದೂ 1650ರ ಆಸುಪಾಸಿನಲ್ಲೇ. ತಲೆನೋವು ಶುರುವಾಗುವುದು ಇಲ್ಲಿ.

ಮೈಕ್ರೋಕ್ಯಾಪ್ಸೂಲ್ ಅಂದರೆ ಔಷಧ ತುಂಬಲು ಮಾಡುವ, ಮೈಕ್ರಾನುಗಳಲ್ಲಿ ಅಳೆಯುವ ಚೀಲ. ಆಲ್ಬುಮಿನ್ ಎಂಬ ಪ್ರೋಟೀನ್ ಕರಗಿಸಿದ ಕ್ಷಾರೀಯ ನೀರನ್ನು, ನೀರಿನೊಡನೆ ಬೆರೆಯದ ಸೈಕ್ಲೋಹೆಕ್ಸೇನ್ ದ್ರವದಲ್ಲಿ ಕಲಕಿ ಹನಿ ಮಾಡುತ್ತಾರೆ. ಮೇಲಿಂದ, ಪ್ರೋಟೀನ್ ಅಣುಗಳನ್ನು ಒಂದಕ್ಕೊಂದು ಬೆಸೆಯುವ ಟೆರೆಫ್ತಲಾಯ್ಲ್ ಕ್ಲೋರೈಡ್ ಹಾಕುತ್ತಾರೆ. ಹನಿಯ ಮೈಮೇಲೆ ಮಾತ್ರ ಬೆಸುಗೆ ಬಿದ್ದು, ಹಾಲಿನ ಕೆನೆಯಂತೆ ಗೋಡೆ ಕಟ್ಟುತ್ತದೆ. ಕ್ಷಾರ ಬೇಕಾಗುವುದು ಲೈಸೀನ್ ಎಂಬ ಅಮೈನೋ ಆಮ್ಲದ ಅಮೈನು (ಸಾರಜನಕವಿರುವ ತುದಿ) ಪ್ರೋಟಾನ್ ಕಳಚಿಕೊಂಡರಷ್ಟೇ ಬೆಸೆದುಕೊಳ್ಳುತ್ತದೆ ಎಂಬ ಕಾರಣಕ್ಕೆ. ಮನುಷ್ಯರ ರಕ್ತದ ಆಲ್ಬುಮಿನಿನ 585 ಅಮೈನೋ ಆಮ್ಲಗಳಲ್ಲಿ 59 ಲೈಸೀನ್.

ಪ್ರೋಟೀನಿನ ಮೈಮೇಲಿನ ಗುಂಪುಗಳಲ್ಲಿ ಬೆಸುಗೆ ಅಮೈನಿಗೆ ಬಿದ್ದರೆ ಅಮೈಡ್, ಹೈಡ್ರಾಕ್ಸಿಲಿಗೆ ಬಿದ್ದರೆ ಎಸ್ಟರ್, ಕಾರ್ಬಾಕ್ಸಿಲಿಗೆ ಬಿದ್ದರೆ ಅನ್‌ಹೈಡ್ರೈಡ್. ಹೊಸ ಅಮೈಡು ಪ್ರೋಟೀನಿನ ಹಳೆಯ ಅಮೈಡಿನೊಳಗೇ ಅಡಗಿಬಿಡುತ್ತದೆ. ಅದನ್ನು ಐಆರ್‌ನಲ್ಲಿ ಹುಡುಕುವುದು ವ್ಯರ್ಥ ಕಸರತ್ತು. ನೋಡಬೇಕಾದ್ದು ದೊಡ್ಡ ಶಿಖರವನ್ನಲ್ಲ, ಅದರ ಎಡಕ್ಕಿರುವ (ಗೆರೆಯಲ್ಲಿ ದೊಡ್ಡ ಅಂಕಿ ಎಡಕ್ಕೆ) ಸಣ್ಣ ದಿಬ್ಬಗಳನ್ನು: 1720ರ ಬಳಿ ಎಸ್ಟರ್, 1790ರ ಬಳಿ ಅನ್‌ಹೈಡ್ರೈಡ್. ಅನ್‌ಹೈಡ್ರೈಡಿಗೆ ಇನ್ನೊಂದು ಪಟ್ಟಿಯೂ ಇದ್ದು, ಅದು ಎಸ್ಟರಿನ ಜಾಗಕ್ಕೇ ಬಂದು ಕೂರುತ್ತದೆ. ಆದ್ದರಿಂದ 1790 ಕಂಡಾಗ 1720ನ್ನು ಪೂರ್ತಿ ಎಸ್ಟರಿನ ಲೆಕ್ಕಕ್ಕೆ ಬರೆಯಬಾರದು.

ಅನುಮಾನ ಬಂದರೆ ಹೈಡ್ರಾಕ್ಸಿಲಮೀನ್ ದ್ರಾವಣದಲ್ಲಿ ಕ್ಯಾಪ್ಸೂಲ್ ನೆನೆಸಿ ಮತ್ತೆ ಗೆರೆ ತೆಗೆಯಿರಿ. ಅದು ಎಸ್ಟರ್, ಅನ್‌ಹೈಡ್ರೈಡ್ ಎರಡನ್ನೂ ಕಡಿಯುತ್ತದೆ, ಅಮೈಡಿನ ತಂಟೆಗೆ ಹೋಗುವುದಿಲ್ಲ. ಎಡಗಡೆಯ ದಿಬ್ಬಗಳು ಇಳಿದೂ ಚೀಲ ಗಟ್ಟಿಯಾಗಿ ಉಳಿದರೆ, ಗೋಡೆಯನ್ನು ಹಿಡಿದಿರುವುದು ಅಮೈಡೇ.

ಬೆಸೆಯದ ಟೆರೆಫ್ತಲಾಯ್ಲ್ ಕ್ಲೋರೈಡ್ ನೀರು ತಾಗಿ ಟೆರೆಫ್ತಾಲಿಕ್ ಆಮ್ಲವಾಗುತ್ತದೆ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ 1690ರ ಹತ್ತಿರ ಅದರದೇ ಭುಜ (ದೊಡ್ಡ ಶಿಖರಕ್ಕೆ ಅಂಟಿದ ಉಬ್ಬು) ಕಾಣಿಸಿ ಹೊಸ ಬೆಸುಗೆಯೆಂಬ ಭ್ರಮೆ ಹುಟ್ಟಿಸುತ್ತದೆ.

ತೊಳೆದದ್ದನ್ನು ಫ್ರೀಜ್ ಡ್ರೈ ಮಾಡಿ, 1ರಿಂದ 2 ಮಿಲಿಗ್ರಾಂ ತೆಗೆದುಕೊಂಡು, ಒಲೆಯಲ್ಲಿ 110 ಡಿಗ್ರಿಗೆ ಒಣಗಿಸಿಟ್ಟ 200 ಮಿಲಿಗ್ರಾಂ ಪೊಟ್ಯಾಸಿಯಂ ಬ್ರೋಮೈಡಿನ ಜೊತೆ ಅಗೇಟ್ ಕಲ್ಲಿನ ಒರಳಲ್ಲಿ ಅರೆಯಬೇಕು. ಕಣ 2 ಮೈಕ್ರಾನಿಗಿಂತ ದಪ್ಪಗಿದ್ದರೆ ಬೆಳಕು ಚದುರಿ, ಗೆರೆಯ ತಳ ಇಳಿಜಾರಾಗುತ್ತದೆ. ಉಪಕರಣದ ಬಾಗಿಲು ತೆರೆದು ಬಾಗಿ ನೋಡುವವರ ಉಸಿರಿನ ಕಾರ್ಬನ್ ಡೈಆಕ್ಸೈಡೂ 2350ರಲ್ಲಿ ದಾಖಲಾಗುತ್ತದೆ, ಪಾಪ ಅವರಿಗೆ ಗೊತ್ತಿರುವುದಿಲ್ಲ.

ಇನ್ನು ನಮ್ಮೂರ ಕೆಂಪು ಧೂಳು. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್. 540 ಮತ್ತು 470ರಲ್ಲಿ ಅದರ ಪಟ್ಟಿಗಳು. ಅಲ್ಲಿ ಏನಾದರೂ ಕಂಡರೆ ಕ್ಯಾಪ್ಸೂಲಿನ ಮೇಲೆ ಹೊರಿಸುವ ಮುಂಚೆ, ಅದೇ ಒರಳಲ್ಲಿ, ಅದೇ ದಿನ ಬರೀ ಬ್ರೋಮೈಡ್ ಅರೆದು ಖಾಲಿ ಬಿಲ್ಲೆಯ ಗೆರೆ ತೆಗೆದು ನೋಡಿ.