ಕಾಳಗ ಹೋಯಿತು, ಮೆರವಣಿಗೆ ಉಳಿಯಿತು

1511ರ ಫೆಬ್ರವರಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಒಂದು ಕಾಡೇ ಉರುಳಿಕೊಂಡು ಬಂತು. ಬಂಡಿ ಮೇಲೆ ಗುಡ್ಡ, ಬಂಡೆ, ರೇಷ್ಮೆ-ಮಕಮಲ್ಲಿನ ಗಿಡಮರ, ನಡುವೆ ಹೊಳೆಯುವ ಕೋಟೆ. ಎಳೆದು ತಂದದ್ದು ಒಂದು ಸಿಂಹ, ಒಂದು ಜಿಂಕೆ. ಎರಡೂ ವೇಷ! ಆ ಕಾಡಿನೊಳಗಿಂದ ನಾಲ್ವರು ಸವಾರರು ಹೊರಬಂದರು. ಒಬ್ಬ, ಇಂಗ್ಲೆಂಡಿನ 19 ವರ್ಷದ ರಾಜ ಎಂಟನೇ ಹೆನ್ರಿ. ಜನವರಿ 1ರಂದು ಅವನಿಗೆ ಮಗ ಹುಟ್ಟಿದ್ದ, ಅದಕ್ಕೇ ಈ ಟೂರ್ನಮೆಂಟ್, ಅಂದರೆ ಕವಚ ತೊಟ್ಟ ಸವಾರರ ಈಟಿ ಸೆಣಸು.

ಶುರುವಿನಲ್ಲಿ ಈ ಆಟಕ್ಕೆ ಕಾಡೂ ಇರಲಿಲ್ಲ, ಕೋಟೆಯೂ ಇರಲಿಲ್ಲ. 12ನೇ ಶತಮಾನದ ಫ್ರಾನ್ಸಿನಲ್ಲಿ ಟೂರ್ನಮೆಂಟ್ ಅಂದರೆ ಎರಡು ಗುಂಪುಗಳ ಹೊಡೆದಾಟ. ಹೊಲ, ಹಳ್ಳಿ ಎನ್ನದೆ ಕುದುರೆಗಳು ನುಗ್ಗುತ್ತಿದ್ದವು. ಸೆರೆಸಿಕ್ಕವನು ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ವಿಲಿಯಂ ಮಾರ್ಷಲ್ ಎಂಬ ಯೋಧ ಹೀಗೇ ದುಡಿದು ಹೆಸರು ಮಾಡಿದ. ಇದರಲ್ಲಿ ಸತ್ತವರಿಗೆ ಚರ್ಚಿನ ಮಣ್ಣು ಸಿಗದು ಎಂದು 1130ರಲ್ಲೇ ಧರ್ಮಗುರುಗಳು ಹೇಳಿದ್ದರು. ಯಾರು ಕೇಳುತ್ತಾರೆ? 1194ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಐದು ಜಾಗ ಗೊತ್ತುಮಾಡಿ ಲೈಸೆನ್ಸ್ ಫೀಸೇ ಇಟ್ಟ. ದೊಡ್ಡ ಜಮೀನ್ದಾರನಾದ ಅರ್ಲ್‌ಗೆ 20 ಮಾರ್ಕ್ (ಆಗಿನ ಹಣದ ಲೆಕ್ಕ), ಜಮೀನಿಲ್ಲದ ಯೋಧನಿಗೆ 2.

ಬರಬರುತ್ತಾ ಗುಂಪು ಕಾಳಗ ಹಿಂದೆ ಸರಿದು, ಒಬ್ಬನಿಗೆ ಒಬ್ಬ ಎದುರಾಗುವ ಈಟಿ ಸೆಣಸು ಮುಂದೆ ಬಂತು. 15ನೇ ಶತಮಾನದಲ್ಲಿ ಕುದುರೆಗಳು ಡಿಕ್ಕಿ ಹೊಡೆಯದಂತೆ ನಡುವೆ ಅಡ್ಡಗೋಡೆ ಬಂತು, ಮೊದಲು ಬಟ್ಟೆಯದು, ಆಮೇಲೆ ಮರದ್ದು. ಎದುರಾಳಿ ಬರುವುದು ಎಡಗಡೆಯಿಂದ. ಹಾಗಾಗಿ ಎಡಭಾಗದ ಕವಚ ಜಾಸ್ತಿ ಗಟ್ಟಿ. ಈಟಿಯ ತುದಿಗೆ ಚೂಪಿನ ಬದಲು ಕಿರೀಟದಂಥ ಮೊಂಡು ಮುಳ್ಳು. ಈಟಿ ಮುರಿದರೆ ಅಂಕ. ಹಾಳೆಯ ಮೇಲೆ ಚೌಕ ಬರೆದು, ಗೆರೆ ಎಳೆದು, ಮುರಿದ ಈಟಿಗೊಂದು ಗೀಟು ಹಾಕುತ್ತಿದ್ದರು. ನಮ್ಮ ಕ್ರಿಕೆಟ್ ಸ್ಕೋರರ್ ಥರಾನೇ ಅಲ್ವಾ?

ಸಾಯುವ ಭಯ ಕಡಿಮೆಯಾದಂತೆ ದುಡ್ಡೆಲ್ಲ ಬಟ್ಟೆಬರೆಗೆ ಹೋಯಿತು ಅನ್ನಿಸುತ್ತದೆ ನನಗೆ. 1511ರ ಆ ಮೆರವಣಿಗೆಯನ್ನು ಸುಮಾರು 60 ಅಡಿ ಉದ್ದದ ಸುರುಳಿಯಲ್ಲಿ ಚಿತ್ರವಾಗಿ ಬರೆಸಿಟ್ಟಿದ್ದಾರೆ. ಅದರಲ್ಲಿ ರುಮಾಲು ಸುತ್ತಿದ ಕಪ್ಪು ಕಹಳೆಗಾರನೊಬ್ಬನಿದ್ದಾನೆ, ಜಾನ್ ಬ್ಲ್ಯಾಂಕ್ ಎನ್ನುತ್ತಾರೆ. ಆ ಟೂರ್ನಮೆಂಟಿನ ಎರಡನೇ ರಾತ್ರಿ ಜನ ನುಗ್ಗಿ ರಾಜನ ಉಡುಪಿನ ಚಿನ್ನದ ಅಕ್ಷರಗಳನ್ನೇ ಕಿತ್ತುಕೊಂಡರು. ಒಬ್ಬ ನಾವಿಕ ತನ್ನ ಪಾಲನ್ನು ಅಕ್ಕಸಾಲಿಗನಿಗೆ ಮಾರಿದ. ಕೂಸು ಮಾತ್ರ ಫೆಬ್ರವರಿ 22ಕ್ಕೆ ತೀರಿಕೊಂಡಿತು.

ಅಪಾಯ ಪೂರ್ತಿ ಹೋಗಿರಲಿಲ್ಲ. 1524ರಲ್ಲಿ ಹೊಸ ಕವಚ ತೊಟ್ಟ ಹೆನ್ರಿ ಮುಖದ ಮುಚ್ಚಳ ಇಳಿಸುವುದನ್ನೇ ಮರೆತ. ಜನ ಕೂಗಿಕೊಂಡರು, ಎದುರಿನಿಂದ ಬರುತ್ತಿದ್ದ ಸಫೋಕ್‌ನ ಡ್ಯೂಕ್‌ಗೆ ಕೇಳಿಸಲಿಲ್ಲ. ಈಟಿಯ ಚೂರು ಶಿರಸ್ತ್ರಾಣದೊಳಗೆಲ್ಲ ತುಂಬಿತು. ಹೇಗೋ ಬದುಕಿದ ರಾಜ, ಮತ್ತೆ ಆರು ಸುತ್ತು ಓಡಿದ! 1559ರಲ್ಲಿ ಫ್ರಾನ್ಸಿನ ಎರಡನೇ ಹೆನ್ರಿಗೆ ಆ ಅದೃಷ್ಟವಿರಲಿಲ್ಲ. ಮುರಿದ ಈಟಿ ಕಣ್ಣಿಗೆ ಚುಚ್ಚಿ, ಹತ್ತು ದಿನದಲ್ಲಿ ಸತ್ತ.

ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್ ಕಾಲಕ್ಕೆ ಈ ಆಟ ವರ್ಷದ ಜಾತ್ರೆಯಾಯಿತು. ಅವಳು ಪಟ್ಟಕ್ಕೆ ಬಂದ ನವೆಂಬರ್ 17ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯ ಅಂಗಳದಲ್ಲಿ ಸೆಣಸು. 1584ರಲ್ಲಿ ನೋಡಲು ಬಂದ ಜರ್ಮನ್ ಪ್ರವಾಸಿಯೊಬ್ಬ, ಟಿಕೆಟ್ಟಿಗೆ 12 ಪೆನ್ನಿ ಎಂದು ಬರೆದಿದ್ದಾನೆ. ಆ ಅಂಗಳ ಈಗ ಹಾರ್ಸ್ ಗಾರ್ಡ್ಸ್ ಪೆರೇಡ್ ಮೈದಾನ. 2012ರ ಒಲಿಂಪಿಕ್ಸ್‌ನಲ್ಲಿ ಅಲ್ಲಿ ಮರಳು ಸುರಿದು ಬೀಚ್ ವಾಲಿಬಾಲ್ ಆಡಿಸಿದರು.