ಬೂತ್ ತುಂಬಾ ಫೋಮ್ ಅಂಟಿಸಿದರೂ ಧ್ವನಿ ಡಬ್ಬದೊಳಗಿಂದ ಬಂದ ಹಾಗೆ ಯಾಕೆ ಕೇಳಿಸುತ್ತದೆ?

ಪ್ರಶ್ನೆ: ಆಡಿಯೋ ಪುಸ್ತಕ ಓದಲು ಮನೆಯ ಒಂದು ಮೂಲೆಯಲ್ಲಿ ಪ್ಲೈವುಡ್ ಬೂತ್ ಮಾಡಿಸಿದ್ದೇನೆ. 4 ಅಡಿ ಉದ್ದ, 4 ಅಡಿ ಅಗಲ, 7 ಅಡಿ ಎತ್ತರ. ನಾಲ್ಕೂ ಗೋಡೆಗೆ 1 ಇಂಚಿನ ಫೋಮ್ ಅಂಟಿಸಿದ್ದೇನೆ. ಪ್ರತಿಧ್ವನಿ ಹೋಯಿತು, ನಿಜ. ಆದರೆ ರೆಕಾರ್ಡ್ ಮಾಡಿ ಕೇಳಿದರೆ ಡಬ್ಬದೊಳಗೆ ಕೂತು ಮಾತಾಡಿದ ಹಾಗಿದೆ. ಇನ್ನೊಂದು ಪದರ ಫೋಮ್ ಹಾಕಲಾ?

ಬೇಡ. ಆ ದುಡ್ಡನ್ನು ಹಾಗೇ ಇಟ್ಟುಕೊಳ್ಳಿ, ಬೇರೆ ಕಡೆ ಬೇಕಾಗುತ್ತದೆ. ನಿಮ್ಮ ಬೂತಿನಲ್ಲಿ ಫೋಮ್ ಕಡಿಮೆಯಾಗಿಲ್ಲ. ತೆಳ್ಳಗಿನ ಫೋಮ್ ಜಾಸ್ತಿಯಾಗಿದೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಬೂತಿನೊಳಗೆ ನಿಂತು ಬಾಗಿಲು ಹಾಕಿಕೊಳ್ಳಿ. ನಿಮಗೆ ಆಗುವಷ್ಟು ಕೆಳಗಿನ ಸ್ವರದಿಂದ ಶುರು ಮಾಡಿ ‘ಊ...’ ಅಂತ ನಿಧಾನಕ್ಕೆ ಮೇಲಕ್ಕೆ ಏರಿಸುತ್ತಾ ಹೋಗಿ. ಒಂದು ಜಾಗದಲ್ಲಿ ಧ್ವನಿ ಇದ್ದಕ್ಕಿದ್ದಂತೆ ಉಬ್ಬುತ್ತದೆ. ನೀವು ಜೋರು ಮಾಡಿರುವುದಿಲ್ಲ, ಆದರೂ ಎದೆ, ಕಿವಿ ಎಲ್ಲ ತುಂಬಿದ ಹಾಗಾಗುತ್ತದೆ. ಒಂಚೂರು ಮೇಲೆ ಹೋದರೆ ಮತ್ತೆ ಮಾಮೂಲಿ. ಆ ಉಬ್ಬುವ ಸ್ವರ ಬೂತಿನದ್ದು. ನೀವು ಓದುವಾಗ ಅದೂ ನಿಮ್ಮ ಜೊತೆ ಓದುತ್ತಿರುತ್ತದೆ.

ಯಾವ ಸ್ವರ ಅಂತ ಲೆಕ್ಕ ಹಾಕುವುದು ಸುಲಭ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 344 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವಿನ ದೂರವನ್ನು ದುಪ್ಪಟ್ಟು ಮಾಡಿ, ಅದರಿಂದ 344ನ್ನು ಭಾಗಿಸಿ. 4 ಅಡಿ ಅಂದರೆ 1.22 ಮೀಟರ್. ಉತ್ತರ 141 ಹರ್ಟ್ಸ್, ಅಂದರೆ ಸೆಕೆಂಡಿಗೆ 141 ಕಂಪನ ಅಂತ ಬರುತ್ತದೆ. ಹಾರ್ಮೋನಿಯಂ ನುಡಿಸುವವರು ‘ಕಾಳಿ ಒಂದು’ ಅನ್ನುವ ಶ್ರುತಿ ಇದರ ಪಕ್ಕದಲ್ಲೇ ಇದೆ. ಗಂಡಸರು ಮಾತಾಡುವ ಸ್ವರ ಸಾಮಾನ್ಯವಾಗಿ 85ರಿಂದ 155 ಹರ್ಟ್ಸ್ ಒಳಗೆ ಓಡಾಡುತ್ತದೆ. ಅದರೊಳಗೇ ಬಂದು ಕೂತಿದೆ ನಿಮ್ಮ ಬೂತು! ಉದ್ದ, ಅಗಲ ಎರಡೂ 4 ಅಡಿ ಇರುವುದರಿಂದ ಎರಡು ಜೋಡಿ ಗೋಡೆಗಳೂ ಅದೇ ಸ್ವರವನ್ನು ಉಬ್ಬಿಸುತ್ತವೆ. ಹೆಂಗಸರ ಧ್ವನಿ ಇದರಿಂದ ಪಾರಾಯಿತು ಅಂತಲೂ ಅಲ್ಲ. ನಾಲ್ಕು ಗೋಡೆಗಳೂ ಸೇರಿ 199 ಹರ್ಟ್ಸ್ ಹತ್ತಿರ ಇನ್ನೊಂದು ಉಬ್ಬು ಹುಟ್ಟಿಸುತ್ತವೆ. ಅದು ಹೆಂಗಸರು ಮಾತಾಡುವ ಸ್ವರದ ಜಾಗ.

ಇನ್ನೂ ಬೂತ್ ಕಟ್ಟಿಸದವರು ದಯವಿಟ್ಟು ಚೌಕಾಕಾರ ಮಾಡಿಸಬೇಡಿ. ಒಂದು ಕಡೆ ಒಂದಡಿ ಜಾಸ್ತಿ ಕೊಟ್ಟರೂ ಉಬ್ಬು ಎರಡು ಕಡೆ ಹಂಚಿಹೋಗುತ್ತದೆ.

ಈಗ ಫೋಮಿನ ವಿಷಯ. 1895ರಲ್ಲಿ ಹಾರ್ವರ್ಡ್‌ನ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಮಾತೇ ಅರ್ಥವಾಗದಷ್ಟು ದನಿ ಗುಂಯ್‌ಗುಡುತ್ತಿತ್ತು. ಸರಿಮಾಡುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕರ ಪಾಲಿಗೆ ಬಂತು. ಅವರು ಇನ್ನೊಂದು ರಂಗಮಂದಿರದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ಸಾಗಿಸಿ ತಂದು ಹರವಿದರು. ಆರ್ಗನ್ ಪೈಪಿನಿಂದ ಒಂದು ಸ್ವರ ಹೊರಡಿಸಿ, ಅದು ಅಡಗಲು ಎಷ್ಟು ಸೆಕೆಂಡ್ ಬೇಕು ಅಂತ ಅಳೆದರು. ಮೊದಲು ಅಳೆದದ್ದು 512 ಹರ್ಟ್ಸ್ ಒಂದರಲ್ಲೇ. ಮುಂದೆ ಬೇರೆ ಸ್ವರಗಳಲ್ಲಿ ಅಳೆದಾಗ, ಒಂದೇ ವಸ್ತು ಎಲ್ಲ ಸ್ವರವನ್ನೂ ಒಂದೇ ಸಮ ಹೀರುವುದಿಲ್ಲ ಅನ್ನುವುದು ಲೆಕ್ಕಕ್ಕೆ ಸಿಕ್ಕಿತು. ನಿಮ್ಮ ಫೋಮಿನ ಕಥೆಯೂ ಇದೇ.

ಗೋಡೆಗೆ ಅಂಟಿಸಿದ ವಸ್ತು ಒಂದು ಸ್ವರವನ್ನು ಚೆನ್ನಾಗಿ ಹೀರಬೇಕಾದರೆ ಆ ಸ್ವರದ ಅಲೆಯ ಕಾಲು ಭಾಗದಷ್ಟು ದಪ್ಪ ಬೇಕು. 1 ಇಂಚಿನ ಫೋಮ್ ‘ಸ’, ‘ಶ’, ‘ಚ’ದ ಚೂಪನ್ನು ಹೀರುತ್ತದೆ. 141 ಹರ್ಟ್ಸ್ ಅಲೆಯ ಉದ್ದ 2.4 ಮೀಟರ್, ಅದರ ಕಾಲು ಭಾಗ ಅಂದರೆ 2 ಅಡಿ. ಅದರ ಮುಂದೆ 1 ಇಂಚು ಲೆಕ್ಕಕ್ಕೇ ಇಲ್ಲ. ಹಾಗಾಗಿ ಧ್ವನಿಯ ಮೇಲಿನ ಹೊಳಪು ಹೋಯಿತು, ಕೆಳಗಿನ ಗುಂಯ್ ಉಳಿಯಿತು. ಡಬ್ಬದ ಸದ್ದು ಅಂದರೆ ಇದೇ. ಇನ್ನೊಂದು ಪದರ ಹಾಕಿದರೆ ಹೊಳಪು ಇನ್ನಷ್ಟು ಹೋಗುತ್ತದೆ, ಅಷ್ಟೇ.

4 ಅಡಿ ಜಾಗದಲ್ಲಿ 2 ಅಡಿ ದಪ್ಪ ತುಂಬಲು ಆಗುವುದಿಲ್ಲ, ಅಲ್ವಾ? ಆದರೆ ಅಷ್ಟು ಬೇಕಾಗಿಯೂ ಇಲ್ಲ. 4 ಇಂಚಿನ ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ನಾರಿನ ಹಲಗೆ), ಹಿಂದೆ 2 ಇಂಚು ಖಾಲಿ ಗಾಳಿ ಬಿಟ್ಟು ನಿಲ್ಲಿಸಿದರೆ, ಆ ಉಬ್ಬು ಪೂರ್ತಿ ಹೋಗದಿದ್ದರೂ ಚೆನ್ನಾಗಿಯೇ ತಗ್ಗುತ್ತದೆ. ಹಿಂದಿನ ಆ ಖಾಲಿ ಜಾಗಕ್ಕೆ ದುಡ್ಡು ಬೀಳುವುದಿಲ್ಲ, ಆದರೆ ದಪ್ಪದ ಕೆಲಸ ಮಾಡುತ್ತದೆ. ಮೊದಲು ಛಾವಣಿಗೆ ಹಾಕಿ. ಸಣ್ಣ ಬೂತಿನಲ್ಲಿ ಕೈಕಾಲಿಗೆ ಜಾಗ ಸಾಲದು, ತಲೆಯ ಮೇಲೆ ಮಾತ್ರ ಜಾಗ ಸುಮ್ನೆ ಬಿದ್ದಿರುತ್ತದೆ. ಕೂತು ಓದುವವರಾದರೆ ಅಲ್ಲಿ 6 ಇಂಚು ತುಂಬಿದರೂ ತೊಂದರೆಯಿಲ್ಲ. ಆಮೇಲೆ ನಿಮ್ಮ ಬೆನ್ನ ಹಿಂದಿನ ಎರಡು ಮೂಲೆಗಳಲ್ಲಿ ನೆಲದಿಂದ ಛಾವಣಿಯವರೆಗೆ ಒಂದಡಿ ಅಗಲದ ರಾಕ್‌ವೂಲ್ ಪಟ್ಟಿಗಳನ್ನು ಓರೆಯಾಗಿ ನಿಲ್ಲಿಸಿ. ಕೆಳಸ್ವರಗಳ ಒತ್ತಡ ಮೂಲೆಯಲ್ಲೇ ಜಾಸ್ತಿ. ಇಷ್ಟಾದ ಮೇಲೆ ಗೋಡೆಯ ತೆಳು ಫೋಮಿನಲ್ಲಿ ಅರ್ಧದಷ್ಟು ಕಿತ್ತುಬಿಡಿ. ಒಂದು ಗೋಡೆಯಲ್ಲಿ ಬಿಟ್ಟ ಜಾಗದ ಎದುರಿಗೆ ಇನ್ನೊಂದು ಗೋಡೆಯಲ್ಲಿ ಫೋಮ್ ಇರಲಿ. ಧ್ವನಿಗೆ ಜೀವ ಬರುತ್ತದೆ.

ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಅದರ ನಾರು ಮೈಗೆ ತಾಗಿದರೆ ತುರಿಕೆ. ಬಟ್ಟೆಯಲ್ಲಿ ಪೂರ್ತಿ ಸುತ್ತಿ ಹೊಲಿದೇ ಒಳಗಿಡಿ. ಯಾವ ಬಟ್ಟೆ ಆಗುತ್ತದೆ ಅಂತ ತಿಳಿಯಲು ಅಂಗಡಿಯಲ್ಲೇ ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಆಚೆ ದಾಟಿದರೆ ಶಬ್ದವೂ ದಾಟುತ್ತದೆ. ಇನ್ನು ಮೊಟ್ಟೆ ಟ್ರೇ ಬೇಡವೇ ಬೇಡ. ಅದು ತೆಳು ಕಾಗದ, ಕೆಳಸ್ವರಕ್ಕೆ ಏನೂ ಮಾಡುವುದಿಲ್ಲ, ಬೆಂಕಿಗೆ ಮಾತ್ರ ಬೇಗ ಸಿಗುತ್ತದೆ. ಅಗ್ಗದ ಫೋಮೂ ಹಾಗೆಯೇ ಬೇಗ ಹತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ. ಬೂತಿನಲ್ಲಿ ಬಿಸಿಯಾಗುವ ಬಲ್ಬ್ ಇಡಬೇಡಿ.

ಇಷ್ಟು ಮಾಡುವ ಮೊದಲೇ ಖರ್ಚಿಲ್ಲದೆ ಮಾಡಬಹುದಾದ್ದು ಮೈಕಿನ ಜಾಗ ಸರಿಪಡಿಸುವುದು. ಮನೆಯಲ್ಲಿ ಬಳಸುವ ಹೆಚ್ಚಿನ ಮೈಕುಗಳು ಮುಂದಿನಿಂದ ಬರುವುದನ್ನು ಕೇಳುತ್ತವೆ, ಹಿಂದಿನದನ್ನು ಬಿಡುತ್ತವೆ. ಮೈಕಿನ ಮುಂದೆ ಏನಿದೆ? ನೀವು, ನಿಮ್ಮ ಹಿಂದಿನ ಗೋಡೆ. ಬಹಳ ಜನ ಮೈಕಿನ ಹಿಂದೆ ಚೆನ್ನಾಗಿ ಫೋಮ್ ಹಾಕಿ, ತಮ್ಮ ಬೆನ್ನ ಹಿಂದಿನ ಬಾಗಿಲನ್ನು ಬರಿದಾಗಿ ಬಿಟ್ಟಿರುತ್ತಾರೆ. ಉತ್ತರ ಕರ್ನಾಟಕದ ಮನೆಯಾದರೆ ಹಳೇ ಸೀರೆ ಹೊಲಿದ ಕೌದಿ ಇದ್ದೇ ಇರುತ್ತದೆ. ಅದನ್ನು ಎರಡು ಮಡಿಕೆ ಮಾಡಿ, ಬಾಗಿಲಿಗೆ ತಾಗಿಸದೆ 3-4 ಇಂಚು ಮುಂದೆ ತೂಗುಹಾಕಿ. ಕೆಳಗಿನ ಗುಂಯ್ ಇದರಿಂದ ಹೋಗುವುದಿಲ್ಲ, ಆದರೆ ಮಾತು ಸ್ಪಷ್ಟವಾಗುವುದು ಮೊದಲ ಸಲಕ್ಕೇ ಗೊತ್ತಾಗುತ್ತದೆ. ಮೈಕನ್ನು ಬೂತಿನ ಸರಿಯಾದ ನಡುಮಧ್ಯದಲ್ಲೂ ಇಡಬೇಡಿ, ಗೋಡೆಗೆ ಒತ್ತಿಯೂ ಇಡಬೇಡಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ ಇರಲಿ. ತೀರಾ ಹತ್ತಿರ ಹೋದರೆ ಇಂಥ ಮೈಕುಗಳು ತಾವೇ ಕೆಳಸ್ವರವನ್ನು ಹೆಚ್ಚಿಸುತ್ತವೆ, ಬೂತಿನ ಗುಂಯ್‌ಗೆ ಅದೂ ಸೇರಿಕೊಳ್ಳುತ್ತದೆ.

ನಾನು ಮೊದಲು ಕಥೆ ಓದಿ ರೆಕಾರ್ಡ್ ಮಾಡುತ್ತಿದ್ದಾಗ ಧ್ವನಿಯಲ್ಲಿ ಒಂದು ತರಹದ ಟೊಳ್ಳು ಕೇಳಿಸುತ್ತಿತ್ತು. ಗೋಡೆ, ಮೂಲೆ ಎಲ್ಲ ನೋಡಿದೆ, ಸಿಗಲಿಲ್ಲ. ಒಂದು ದಿನ ಹಾಳೆ ಇಡುವ ಕಬ್ಬಿಣದ ಸ್ಟ್ಯಾಂಡ್ ಮೇಲೆ ಒದ್ದೆ ಕೈ ಒರೆಸಿದ ಟವೆಲ್ ಹಾಕಿ ಮರೆತೆ. ಆ ದಿನದ ರೆಕಾರ್ಡಿಂಗ್ ಮಾತ್ರ ಶುದ್ಧವಾಗಿತ್ತು. ಬಾಯಿಂದ ಹೊರಟ ಶಬ್ದ ಸ್ಟ್ಯಾಂಡಿಗೆ ಬಡಿದು, ನೇರ ಬಂದದ್ದಕ್ಕಿಂತ ಒಂಚೂರು ತಡವಾಗಿ ಮೈಕ್ ಸೇರುತ್ತಿತ್ತು. ಅದು 34 ಸೆಂಟಿಮೀಟರ್ ಜಾಸ್ತಿ ದಾರಿ ಸುತ್ತಿ ಬಂದರೂ ಸಾಕು, 500 ಹರ್ಟ್ಸ್ ಹತ್ತಿರ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಟ್ಯಾಬ್ಲೆಟ್ಟಿನ ಗಾಜೂ ಹೀಗೇ ಮಾಡುತ್ತದೆ. ಸ್ಟ್ಯಾಂಡಿಗೆ ದಪ್ಪ ಬಟ್ಟೆ ಹೊದಿಸಿ, ಸ್ವಲ್ಪ ಓರೆ ಮಾಡಿ.

ಒಂದು ಮಾತು ಸೇರಿಸಲೇಬೇಕು. ಈ ಯಾವುದೂ ಹೊರಗಿನ ಗದ್ದಲ ತಡೆಯುವುದಿಲ್ಲ. ಕುಕ್ಕರ್ ಸೀಟಿ, ಬೈಕಿನ ಹಾರ್ನ್ ನಿಲ್ಲಬೇಕಾದರೆ ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು. ರಾತ್ರಿ ಮನೆಯ ದೀಪ ಆರಿಸಿ, ಬೂತಿನೊಳಗೆ ಟಾರ್ಚ್ ಹಚ್ಚಿಟ್ಟು, ಹೊರಗಿನಿಂದ ನೋಡಿ. ಬೆಳಕು ಸೋರುವ ಕಡೆಯಲ್ಲೆಲ್ಲ ಶಬ್ದವೂ ಸೋರುತ್ತದೆ. ಅಲ್ಲಿಗೆ ರಬ್ಬರ್ ಪಟ್ಟಿ ಹಾಕಿ. ಹಾಗೆ ಮುಚ್ಚಿದ ಮೇಲೆ ಒಳಗೆ ಗಾಳಿ ಸಾಲುವುದಿಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಹೊರಗೆ ಬನ್ನಿ.

ಕೆಲಸ ಶುರು ಮಾಡುವ ಮೊದಲು ಒಂದು ಪುಟ ಓದಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಒಂದೊಂದು ಬದಲಾವಣೆ ಆದಮೇಲೂ ಅದೇ ಪುಟ, ಅದೇ ದೂರ, ಅದೇ ಜೋರಿನಲ್ಲಿ ಓದಿ ಎರಡನ್ನೂ ಹೆಡ್‌ಫೋನಿನಲ್ಲಿ ಹೋಲಿಸಿ ಕೇಳಿ. ಛಾವಣಿ, ಮೂಲೆ, ಬಾಗಿಲಿನ ಕೌದಿ ಮುಗಿಯುವಷ್ಟರಲ್ಲಿ ಮತ್ತೆ ‘ಊ...’ ಅಂತ ಏರಿಸಿ ನೋಡಿ. ಆ ಉಬ್ಬು ಹುಡುಕಿದರೆ ಮಾತ್ರ ಸಿಗುವಷ್ಟಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಓದಲು ಕೂತುಕೊಳ್ಳಿ.