ಲ್ಯಾನ್ಸ್‌ಡೌನ್ ಕಟ್ಟಡ: ಕೆಡವೋದಾ, ಉಳಿಸೋದಾ, ಸಹಿ ಹಾಕೋರು ಯಾರು?

ಮೈಸೂರಿನ ಜಗನ್ಮೋಹನ ಅರಮನೆ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ಅಂದರೆ ನಮ್ಮ ಕಾಲದವರಿಗೆ ಹಳೇ ಪುಸ್ತಕದ ಅಂಗಡಿಗಳು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷ ಬಿಟ್ಟು, ಅದೇ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಿ ಅಂತ ಒಂದು ವರದಿ, ರಿಪೇರಿ ಮಾಡಬಹುದು ಅಂತ ಇನ್ನೊಂದು. ಕೊನೆಗೆ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಊರಿನ ಮಧ್ಯದ ಎರಡು ಕಟ್ಟಡಗಳ ಬಗ್ಗೆ ಊರಲ್ಲೇ ತೀರ್ಮಾನ ಆಗಲಿಲ್ಲ ಯಾಕೆ?

ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆಯಿಂದ ಹಿಡಿದು ದಿವಾನರ ಕಾಲ, ರಾಜ್ಯ ಏಕೀಕರಣದವರೆಗೂ ನಮ್ಮ ಆಡಳಿತ ನಡೆದಿದ್ದು ಕಾಗದದ ಮೇಲೇ. ಗಂಟು ಬಿಗಿಯಾಗಿದ್ದು ಆಮೇಲೆ. 1984ರಲ್ಲಿ ಲೋಕಾಯುಕ್ತ ಕಾಯ್ದೆ, 1988ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ, 1999ರಲ್ಲಿ ಟೆಂಡರ್ ಪಾರದರ್ಶಕತೆ ಕಾಯ್ದೆ, 2005ರಲ್ಲಿ ಮಾಹಿತಿ ಹಕ್ಕು. ಕಳ್ಳತನ ಕಂಡೇ ಇವೆಲ್ಲ ಬಂದವು, ಬೇಕಾಗಿಯೂ ಇತ್ತು. ಆದರೆ 1988ರ ಕಾಯ್ದೆಯಲ್ಲಿ ಒಂದು ಮಾತಿತ್ತು: ಅಧಿಕಾರಿ ಲಂಚ ಮುಟ್ಟದಿದ್ದರೂ, ಸಾರ್ವಜನಿಕ ಹಿತವಿಲ್ಲದೆ ಬೇರೆಯವರಿಗೆ ಲಾಭ ಮಾಡಿಕೊಟ್ಟರೆ ಅಪರಾಧ. ಹಿತ ಇತ್ತೋ ಇಲ್ಲವೋ ಅಂತ ಹೇಳುವವರು ಹತ್ತು ವರ್ಷದ ಮೇಲೆ ಬರುವ ತನಿಖೆಯವರು! 2018ರ ತಿದ್ದುಪಡಿಯಲ್ಲಿ ಆ ಮಾತು ಹೋಯಿತು. ಸಹಿ ಹಾಕುವ ಭಯ ಹೋಗಲಿಲ್ಲ.

ಆ ಭಯ ಹೇಗಿರುತ್ತದೆ ಅಂತ ನೋಡಬೇಕಾದರೆ ಒಂದು ಫೈಲಿನ ಟಿಪ್ಪಣಿ ಹಾಳೆ ಓದಬೇಕು. ವಿಷಯ ನಿರ್ವಾಹಕರು 'ಆದೇಶಕ್ಕಾಗಿ ಮಂಡಿಸಿದೆ' ಅಂತ ಬರೆಯುತ್ತಾರೆ. ಮೇಲಿನವರು 'ನಿಯಮಾನುಸಾರ ಪರಿಶೀಲಿಸಿ ಮಂಡಿಸಿ' ಅನ್ನುತ್ತಾರೆ. ಇನ್ನೂ ಮೇಲಿನವರು ಹಸಿರು ಇಂಕಿನಲ್ಲಿ ಒಂದೇ ಪದ ಬರೆಯುತ್ತಾರೆ: 'ಚರ್ಚಿಸಿ'. ಫೈಲು ಮತ್ತೆ ಕೆಳಗಿಳಿಯುತ್ತದೆ. ಚರ್ಚೆಗೆ ಸಾಹೇಬರು ಸಿಗಬೇಕು, ಸಿಗುವ ಹೊತ್ತಿಗೆ ವರ್ಗಾವಣೆ. ಹೊಸಬರು ಬಂದು 'ಕಾನೂನು ಅಭಿಪ್ರಾಯ ಪಡೆಯಿರಿ' ಅನ್ನುತ್ತಾರೆ. ಇಲ್ಲಿ ಯಾರೂ ಸುಮ್ನೆ ಕೂತಿಲ್ಲ, ಎಲ್ಲರೂ ಕೆಲಸ ಮಾಡಿದ್ದಾರೆ. ಸಹಿ ಹಾಕಿದರೆ ಆಡಿಟ್ ಆಕ್ಷೇಪಣೆ, ಇಲಾಖಾ ವಿಚಾರಣೆ, ನಿವೃತ್ತಿ ಹೊತ್ತಿಗೆ ಪಿಂಚಣಿಗೆ ಕೊಕ್ಕೆ. ಹಾಕದಿದ್ದರೆ ಏನೂ ಇಲ್ಲ. ನೀವಾಗಿದ್ದರೆ ಏನು ಮಾಡ್ತಿದ್ರಿ?

ತಡಕ್ಕೂ ಬೆಲೆ ಕಟ್ಟಲು ಬಂದಿದ್ದು ಸಕಾಲ, ಅಂದರೆ ಸರ್ಕಾರಿ ಸೇವೆಗಳನ್ನು ಇಂತಿಷ್ಟು ದಿನದೊಳಗೆ ಕೊಡಲೇಬೇಕು ಅನ್ನುವ ರಾಜ್ಯದ ಯೋಜನೆ. ಲ್ಯಾನ್ಸ್‌ಡೌನ್ ಕುಸಿಯುವುದಕ್ಕೆ ನಾಲ್ಕು ತಿಂಗಳ ಮುಂಚೆ, 2012ರ ಏಪ್ರಿಲ್‌ನಲ್ಲಿ ಶುರುವಾಯಿತು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಅದರಿಂದ ಅನುಕೂಲವಾಗಿದ್ದು ನಿಜ. ಗಡುವು ಮುಗಿಯುವ ಮುಂಚೆ ಏನೋ ಒಂದು ಕೊರತೆ ತೋರಿಸಿ ಅರ್ಜಿ ತಿರಸ್ಕರಿಸುವ ಚಾಳಿಯೂ ಅದರ ಹಿಂದೆಯೇ ಬಂತು. ಬೀಳುತ್ತಿರುವ ಗೋಡೆಯನ್ನು ಏನು ಮಾಡೋಣ ಅನ್ನುವ ಪ್ರಶ್ನೆ ಮಾತ್ರ ಸಕಾಲದ ಪಟ್ಟಿಯಲ್ಲಿ ಬರುವಂಥದ್ದಲ್ಲ.

ಈಗ ಫೈಲುಗಳು ಕಂಪ್ಯೂಟರ್‌ನಲ್ಲೇ ಓಡಾಡುವ ಇ-ಆಫೀಸ್ ಇದೆ. ಫೈಲಿಗೆ ದಾರ ಕಟ್ಟಬೇಕಾಗಿಲ್ಲ. ಯಾರ ಹತ್ತಿರ ಎಷ್ಟು ದಿನ ಇತ್ತು ಅಂತ ಪರದೆ ಮೇಲೇ ಕಾಣುತ್ತದೆ. 'ಚರ್ಚಿಸಿ' ಅನ್ನೋದನ್ನು ಟೈಪ್ ಮಾಡುತ್ತಾರೆ, ಅಷ್ಟೇ.